ತಾತನ ಲೆಕ್ಕದ ಪುಸ್ತಕದಲ್ಲಿ ಅಂಟಿಸಿದ ಹಳೆ ಕಾರ್ಟೂನುಗಳು: ಬಿಡಿಸಲಾ, ಹಾಗೇ ಇಡಲಾ?

ಟ್ರಂಕಿನ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾತನ ಮನೆ ಇದೆ. ತಿಂಗಳ ಕೊನೆಗೆ ಖಾಲಿ ಮಾಡಿ ಕೊಡಬೇಕು. ಹೋದ ವಾರ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿದೆವು. ಹಿತ್ತಾಳೆ ಪಾತ್ರೆ ಇರಬಹುದು ಅಂತ ಅಮ್ಮ ಅಂದುಕೊಂಡಿದ್ದರು. ಒಳಗಿದ್ದದ್ದು ಹನ್ನೊಂದು ಲೆಕ್ಕದ ಪುಸ್ತಕ. ಉದ್ದುದ್ದ ಇವೆ, ಕೆಂಪು ಬಟ್ಟೆಯ ಬೈಂಡು. ಬರೆದ ಲೆಕ್ಕದ ಮೇಲೇ ಪೇಪರಿನ ಕಾರ್ಟೂನುಗಳನ್ನು ಕತ್ತರಿಸಿ ಸಾಲಾಗಿ ಅಂಟಿಸಿದ್ದಾರೆ. ನೂರಾರು ಇವೆ. ಕನ್ನಡದವೂ ಇವೆ, ಇಂಗ್ಲಿಷಿನವೂ ಇವೆ. ಹಾಲಿನ ಲೆಕ್ಕದ ಮೇಲೆ ನೆಹರೂ ಕೂತಿದ್ದಾರೆ! ಜೊತೆಗೆ ಬೈಂಡ್ ಮಾಡಿಸಿದ ಕೊರವಂಜಿ ಎರಡು ಸಂಪುಟ.

ಪುಟ ತಿರುಗಿಸಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ನನಗೆ ಎರಡು ಪ್ರಶ್ನೆ. ಕಾರ್ಟೂನುಗಳನ್ನು ಬಿಡಿಸಿ ಲ್ಯಾಮಿನೇಷನ್ ಮಾಡಿಸಲಾ? ಮತ್ತೆ ಇವನ್ನೆಲ್ಲ ಯಾರಿಗೆ ಕೊಡಬೇಕು? ಮನೆಯವರು ರದ್ದಿಗೆ ಹಾಕು ಅನ್ನುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ.

ಚಿಕ್ಕಪೇಟೆ ಸೀನ
ಲ್ಯಾಮಿನೇಷನ್ ಬೆಸ್ಟು. ನಮ್ಮಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮಾಡಿಸಿ ಮೂವತ್ತು ವರ್ಷ ಆಯಿತು, ಏನೂ ಆಗಿಲ್ಲ.

ಬೈಂಡಿಂಗ್ ಭಟ್ರು
ಬೇಡ, ಬೇಡವೇ ಬೇಡ. ಮಾರ್ಕ್ಸ್ ಕಾರ್ಡಿನ ಕಾಗದ ಬೇರೆ, ಪೇಪರಿನ ಕಾಗದ ಬೇರೆ. ನ್ಯೂಸ್‌ಪ್ರಿಂಟ್ ಅಂದರೆ ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದಲ್ಲಿರುವ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗುತ್ತಾ ಹೋದರೆ ಅದರಿಂದಲೇ ಹಳದಿ ಬಣ್ಣ ಬರುತ್ತದೆ, ಆಮ್ಲ ಹುಟ್ಟುತ್ತದೆ, ಕಾಗದ ಗರಿಗರಿ ಆಗುತ್ತದೆ. ಲ್ಯಾಮಿನೇಷನ್ ಮಾಡಿದರೆ ಆ ಆಮ್ಲ ಒಳಗೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದಕ್ಕೆ ಹತ್ತಿಕೊಂಡಿರುತ್ತದೆ, ಮತ್ತೆ ಬಿಡಿಸುವ ಮಾತೇ ಇಲ್ಲ. ಸೆಲ್ಲೋ ಟೇಪೂ ಹಾಕಬೇಡಿ. ಐದಾರು ವರ್ಷದಲ್ಲಿ ಟೇಪು ಉದುರುತ್ತದೆ, ಕಂದು ಕಲೆ ಮಾತ್ರ ಉಳಿಯುತ್ತದೆ.

ಬಿಡಿಸುವ ವಿಷಯಕ್ಕೆ ಬರುವ ಮೊದಲು ಒಂದು ಪ್ರಶ್ನೆ. ಅಂಟಿಸಿದ್ದು ಯಾವುದರಲ್ಲಿ? ಮೈದಾ ಅಂಟಾ, ಗೋಂದಾ? ಲೆಕ್ಕ ಬರೆದದ್ದು ಯಾವ ಶಾಯಿಯಲ್ಲಿ?

ಟ್ರಂಕಿನ ಮೊಮ್ಮಗಳು
ಮೈದಾ ಅಂಟೇ ಇರಬೇಕು ಭಟ್ರೇ. ಒಣಗಿದ ಕಡೆ ಬೆಳ್ಳಗೆ ಪುಡಿ ಉದುರುತ್ತದೆ. ಕೆಲವು ಕಡೆ ಹುಳ ತಿಂದು ಜರಡಿ ಮಾಡಿದೆ. ಲೆಕ್ಕ ನೀಲಿ ಶಾಯಿಯಲ್ಲಿದೆ, ಫೌಂಟನ್ ಪೆನ್ನಿನದ್ದು.

ಬೈಂಡಿಂಗ್ ಭಟ್ರು
ಅಂದುಕೊಂಡೆ. ಮೈದಾ ಅಂಟು ಬಿಡಿಸಲು ನೀರು ತಾಗಿಸಬೇಕು. ಪ್ರೆಸ್ಸಿನ ಮಸಿ ಎಣ್ಣೆ ಮಸಿ, ಅದಕ್ಕೆ ನೀರು ತಾಗಿದರೂ ಹರಡುವುದಿಲ್ಲ. ಆದರೆ ಪೆನ್ನಿನ ನೀಲಿ ಶಾಯಿ ಒಂದು ಹನಿಗೇ ಹರಿದು ಕಾರ್ಟೂನಿನ ಮುಖಕ್ಕೆ ಹತ್ತುತ್ತದೆ. ಅದಕ್ಕೇ ಬಿಡಿಸಬೇಡಿ. ಪುಸ್ತಕ ಇರುವ ಹಾಗೇ ಇರಲಿ.

ಹುಳಕ್ಕೆ ಮೈದಾ ಅಂಟು ಅಂದರೆ ಹಬ್ಬದೂಟ. ನಮ್ಮ ಕಸಬಿನಲ್ಲಿ ಅಂಟಿಗೆ ಮೈಲುತುತ್ತ ಹಾಕುತ್ತಿದ್ದುದು ಇದೇ ಕಾರಣಕ್ಕೆ. ನಿಮ್ಮ ತಾತ ಮನೆಯಲ್ಲೇ ಅಂಟು ಕುದಿಸಿಕೊಂಡಿರಬೇಕು. ಈಗ ಮಾಡಬೇಕಾದದ್ದು ಇಷ್ಟೇ: ಮೆತ್ತನೆ ಬ್ರಷ್‌ನಲ್ಲಿ ಪುಡಿ ತೆಗೆಯಿರಿ, ಪುಸ್ತಕಗಳನ್ನು ಮಲಗಿಸಿ ಇಡಿ, ಬಿಸಿಲಿಗೆ ಹಾಕಬೇಡಿ.

ಮಲೆನಾಡ ಮಳೆ
ನುಸಿಗುಳಿಗೆ ಹಾಕಬಹುದಾ? ನಮ್ಮಲ್ಲಿ ಬೇವಿನ ಎಲೆ, ಬಜೆ ಬೇರು ಹಾಕುತ್ತಿದ್ದರು.

ಬೈಂಡಿಂಗ್ ಭಟ್ರು
ಬಜೆ ಹಾಕಿ, ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ನುಸಿಗುಳಿಗೆಯ ಹೊಗೆ ಓದುವವರಿಗೂ ಒಳ್ಳೆಯದಲ್ಲ. ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ನೋಡಿ.

ಪಿಕ್ಸೆಲ್ ಪುಟ್ಟ
ಇಷ್ಟೆಲ್ಲ ಯಾಕೆ? ಒಂದು ಭಾನುವಾರ ಕೂತು ಸ್ಕ್ಯಾನ್ ಮಾಡಿ, ಇಂಟರ್ನೆಟ್ ಆರ್ಕೈವ್‌ಗೆ ಹಾಕಿ, ಮುಗೀತು. ಆಮೇಲೆ ಕಾಗದ ಇಟ್ಟುಕೊಂಡು ಮಾಡುವುದೇನು? ಜಾಗ ಯಾರ ಹತ್ತಿರ ಇದೆ? ಫೈಲು ಇದ್ದರೆ ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಕೊಲಂಬಸ್ ಕನ್ನಡಿಗ
ಪುಟ್ಟ ಅವರೇ, ಇದೇ ಮಾತನ್ನು ಅಮೆರಿಕದ ಲೈಬ್ರರಿಗಳೂ ಹೇಳಿದ್ದವು. ಪುಟಗಳ ಪುಟಾಣಿ ಫೋಟೋ ಇಡುವ ಮೈಕ್ರೋಫಿಲ್ಮ್ ಬಂದ ಮೇಲೆ ಪೇಪರಿನ ದೊಡ್ಡ ದೊಡ್ಡ ಸಂಪುಟಗಳನ್ನು ಹೊರಗೆ ಹಾಕತೊಡಗಿದರು. ಮೈಕ್ರೋಫಿಲ್ಮ್ ಕಪ್ಪು ಬಿಳುಪು. ಭಾನುವಾರದ ಕಾಮಿಕ್ಸ್ ಪುಟಗಳು ಇದ್ದದ್ದು ಬಣ್ಣದಲ್ಲಿ! ಬಿಲ್ ಬ್ಲಾಕ್‌ಬಿಯರ್ಡ್ ಅಂತ ಒಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಮನೆಯನ್ನೇ ಸಂಗ್ರಹಾಲಯ ಮಾಡಿಕೊಂಡು, ಲೈಬ್ರರಿಗಳು ಬಿಸಾಕಿದ ಸಂಪುಟಗಳನ್ನು ಸೇರಿಸಿದರು. 1997-98ರಲ್ಲಿ ಅದೆಲ್ಲ ನಾನಿರುವ ಊರಿಗೇ, ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಬಂತು. ಆರು ದೊಡ್ಡ ಲಾರಿ, ಸುಮಾರು 75 ಟನ್ ಕಾಗದ. ಈಗ ಅದು ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಲೈಬ್ರರಿಯಲ್ಲಿದೆ. ನಾನು ಹೋಗಿ ನೋಡಿದ್ದೇನೆ. ನೂರು ವರ್ಷದ ಹಿಂದಿನ ಕೆಂಪು ಬಣ್ಣ ಅಷ್ಟು ಚೆನ್ನಾಗಿ ಉಳಿದಿದೆ. ಆ ಮನುಷ್ಯ "ಫಿಲ್ಮ್ ಇದೆಯಲ್ಲ, ಸಾಕು" ಅಂದುಕೊಂಡಿದ್ದರೆ ಅದು ಯಾರಿಗೂ ಸಿಗುತ್ತಿರಲಿಲ್ಲ.

ಪಿಕ್ಸೆಲ್ ಪುಟ್ಟ
ಅದು ಮೈಕ್ರೋಫಿಲ್ಮ್. ಈಗಿನ ಸ್ಕ್ಯಾನರ್ ಬಣ್ಣವನ್ನೂ ಹಿಡಿಯುತ್ತದೆ, ಅಲ್ವಾ?

ಲೈಬ್ರರಿ ಅಕ್ಕ
ಹಿಡಿಯುತ್ತದೆ ಪುಟ್ಟ. ಆದರೆ ಆಗ ಮೈಕ್ರೋಫಿಲ್ಮ್ ಮಾಡಿದವರೂ ತಮ್ಮ ಕಾಲದ ಒಳ್ಳೆ ಯಂತ್ರವೇ ಅಂತ ನಂಬಿದ್ದರು. ಮುಂದೆ ಇನ್ನೂ ಒಳ್ಳೆಯದು ಬರುತ್ತದೆ. ಆಗ ಮತ್ತೆ ಸ್ಕ್ಯಾನ್ ಮಾಡಲು ಮೂಲ ಬೇಕಲ್ಲ?

ನಾನು ಮೂವತ್ತೆರಡು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಒಂದು ಊರಿನಲ್ಲಿ ಜಾಗ ಇಲ್ಲ ಅಂತ ಬೈಂಡ್ ಮಾಡಿದ ಹಳೆ ಪೇಪರುಗಳನ್ನು ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ರಜೆಯಲ್ಲಿದ್ದೆ. ಬರುವಷ್ಟರಲ್ಲಿ ಅರ್ಧ ಲಾರಿ ತುಂಬಿತ್ತು. ಹಗ್ಗ ಬಿಚ್ಚಿಸಿ ನಾಲ್ಕು ಸಂಪುಟ ಇಳಿಸಿಕೊಂಡೆ, ಅಷ್ಟೇ. ಉಳಿದದ್ದರಲ್ಲಿ ಏನಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ.

ರದ್ದಿ ರಾಯ
ಅಕ್ಕಾ, ಓದಿ ಹೊಟ್ಟೆ ಉರಿಯಿತು. ನಾನು ಅವೆನ್ಯೂ ರಸ್ತೆ, ರದ್ದಿ ಅಂಗಡಿ ಸುತ್ತಿ ಇಪ್ಪತ್ತು ವರ್ಷದಿಂದ ಸಂಗ್ರಹ ಮಾಡುತ್ತಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ತಾತನ ಮೇಲೆ ನನ್ನ ತಕರಾರಿದೆ. ಕತ್ತರಿಸಬಾರದಿತ್ತು. ಕಾರ್ಟೂನು ಅಂದರೆ ಆ ದಿನದ ಸುದ್ದಿಯ ಪಕ್ಕ ಕೂತಿರುವ ಮಾತು. ಪುಟದಿಂದ ಬೇರೆ ಮಾಡಿದರೆ ಯಾರ ಬಗ್ಗೆ, ಯಾವಾಗ, ಯಾಕೆ ಅಂತ ಏನೂ ತಿಳಿಯುವುದಿಲ್ಲ. ತಾರೀಖು ಇಲ್ಲದ ರಾಜಕೀಯ ಕಾರ್ಟೂನು ವಿಳಾಸ ಇಲ್ಲದ ಕಾಗದ ಇದ್ದ ಹಾಗೆ. ನಾನಂತೂ ಇಡೀ ಪುಟ ಇಡುತ್ತೇನೆ.

ಲೈಬ್ರರಿ ಅಕ್ಕ
ಕತ್ತರಿಸದೆ ಇದ್ದಿದ್ದರೆ ಆ ಪೇಪರುಗಳು ಅವತ್ತೇ ಶೆಟ್ಟರ ಅಂಗಡಿಯ ಪೊಟ್ಟಣ ಆಗುತ್ತಿದ್ದವು ರಾಯರೇ. ಕತ್ತರಿ ಹಿಡಿದದ್ದಕ್ಕೇ ಇಷ್ಟಾದರೂ ಉಳಿದಿದೆ.

ಹುಬ್ಬಳ್ಳಿ ಮಂದಿ
ಕಾಗದದ ಮಾತು ಬಂತು, ಬ್ಲಾಕಿನ ಮಾತು ಯಾರೂ ಎತ್ತಲಿಲ್ಲ. ನಮ್ಮಪ್ಪ ಪ್ರೆಸ್ಸಿನಲ್ಲಿ ಬ್ಲಾಕ್ ಮಾಡುತ್ತಿದ್ದರು. ಆಗ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಕಲಾವಿದರು ಇಂಡಿಯನ್ ಇಂಕ್‌ನಲ್ಲಿ ಚಿತ್ರ ಬರೆದು ಕೊಟ್ಟರೆ ಅದನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಇಳಿಸಿ, ನೈಟ್ರಿಕ್ ಆಸಿಡ್‌ನಲ್ಲಿ ಅದ್ದುತ್ತಿದ್ದರು. ಗೆರೆ ಇರುವ ಕಡೆ ತಗಡು ಎತ್ತರ ಉಳಿಯುತ್ತಿತ್ತು, ಉಳಿದದ್ದನ್ನು ಆಸಿಡ್ ತಿನ್ನುತ್ತಿತ್ತು. ಆಮೇಲೆ ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿ, ಅಕ್ಷರದ ಎತ್ತರಕ್ಕೆ ಸರಿಯಾಗಿ ತರುತ್ತಿದ್ದರು. ಅಪ್ಪನ ಅಂಗಿ ತೋಳಿನಲ್ಲಿ ಯಾವಾಗಲೂ ಸಣ್ಣ ಸಣ್ಣ ತೂತು ಇರುತ್ತಿದ್ದವು, ಆಸಿಡ್ ಸಿಡಿದು.

ಬ್ಲಾಕೇ ಬೇಡದ ಆಫ್‌ಸೆಟ್ ಮುದ್ರಣ ಬಂತು, ಬ್ಲಾಕುಗಳೆಲ್ಲ ಗೋಣಿಚೀಲದಲ್ಲಿ ಗುಜರಿಗೆ ಹೋದವು. ಸತುವಿಗೆ ರೇಟು ಇತ್ತು, ಗೆರೆಗೆ ಇರಲಿಲ್ಲ. ಅಪ್ಪ ಒಂದೇ ಒಂದು ಬ್ಲಾಕು ಮನೆಗೆ ತಂದರು. ಕೊಡೆ ಹಿಡಿದ ಮಂತ್ರಿ, ಮುಷ್ಟಿಯಷ್ಟೇ ಗಾತ್ರ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಸಣ್ಣವನಿದ್ದಾಗ ಇಂಕ್ ಪ್ಯಾಡಿಗೆ ಒತ್ತಿ ನೋಟ್ ಬುಕ್ಕಿನ ತುಂಬ ಮಂತ್ರಿಗಳನ್ನು ಒತ್ತಿದ್ದೇನೆ. ಈಗಲೂ ನನ್ನ ಹತ್ತಿರ ಇದೆ. ಯಾರು ಬರೆದದ್ದು ಅಂತ ಮಾತ್ರ ಅಪ್ಪನನ್ನು ಕೇಳಿರಲಿಲ್ಲ. ಈಗ ಕೇಳಲು ಅಪ್ಪ ಇಲ್ಲ.

ರದ್ದಿ ರಾಯ
ಫೋಟೋ ಹಾಕಿ ಸಾರ್! ಗೆರೆ ನೋಡಿ ಯಾರಾದರೂ ಗುರುತು ಹಿಡಿಯಬಹುದು.

ಹೊಸ ಓದುಗ
ಕೊರವಂಜಿ ಅಂದರೆ? ಹೆಸರು ಕೇಳಿದ್ದೇನೆ ಅಷ್ಟೇ.

ಲೈಬ್ರರಿ ಅಕ್ಕ
ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಪತ್ರಿಕೆ. 25 ವರ್ಷ ನಡೆಯಿತು, 1967ರಲ್ಲಿ ನಿಂತಿತು. ಅವರು ವೃತ್ತಿಯಲ್ಲಿ ವೈದ್ಯರು. ನಾ. ಕಸ್ತೂರಿ, ಟಿ. ಸುನಂದಮ್ಮ ಎಲ್ಲ ಅದರಲ್ಲಿ ಬರೆದರು. ಹಳೆ ಸಂಚಿಕೆಗಳನ್ನು ಡಿಜಿಟಲ್ ಮಾಡಿದ್ದಾರೆ, ಹುಡುಕಿ ಓದಿ.

ಚಿಕ್ಕಪೇಟೆ ಸೀನ
ಆರ್.ಕೆ. ಲಕ್ಷ್ಮಣ್ ಕಾಲದ್ದು ಅನ್ನಿ. ಅವರು ಬೊಂಬಾಯಿಯ ಟೈಮ್ಸ್‌ನಲ್ಲಿ ಶುರು ಮಾಡಿದರಲ್ಲ, ಆ ಹೊತ್ತಿನದ್ದು.

ರದ್ದಿ ರಾಯ
ಸೀನ, ಅಲ್ಲೇ ತಪ್ಪುವುದು. ಟೈಮ್ಸ್‌ಗೆ ಹೋಗುವ ಮೊದಲು, ಮೈಸೂರಿನಲ್ಲಿ ಓದುತ್ತಿದ್ದಾಗಲೇ ಲಕ್ಷ್ಮಣ್ ಕೊರವಂಜಿಗೆ ಚಿತ್ರ ಬರೆದಿದ್ದಾರೆ. ಮಹಾರಾಜಾ ಕಾಲೇಜಿನ ಹುಡುಗ ಆಗ. ಅವರ ಹೆಸರಾಂತ ಕಾರ್ಟೂನು ಪಾತ್ರ ಶ್ರೀಸಾಮಾನ್ಯ ಬಂದದ್ದು ಆಮೇಲೆ. ಮೊಮ್ಮಗಳೇ, ನಿಮ್ಮ ಆ ಎರಡು ಸಂಪುಟ 1940ರ ದಶಕದ್ದಾದರೆ ಚಿತ್ರಗಳ ಮೂಲೆ ಚೆನ್ನಾಗಿ ನೋಡಿ.

ಟ್ರಂಕಿನ ಮೊಮ್ಮಗಳು
1960ರ ದಶಕದವು ರಾಯರೇ. ಆದರೂ ನೋಡುತ್ತೇನೆ.

ಒಂದು ಸಹಾಯ ಬೇಕು. ನಾಲ್ಕನೇ ಪುಸ್ತಕದಿಂದ ಒಂದು ಚೀಟಿ ತಾನಾಗೇ ಬಿಟ್ಟುಕೊಂಡು ಬಂತು. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಅಗಲ ಇದೆ. ಬಸ್ ಕಂಡಕ್ಟರ್ ಅಂಗೈ ಚಾಚಿದ್ದಾನೆ, ಅದರಲ್ಲಿ ನಾಲ್ಕೈದು ನಾಣ್ಯ. ಎದುರಿಗೆ ಪೇಟ ಸುತ್ತಿದ ಅಜ್ಜ ಬೆರಳು ಮಡಚಿ ಎಣಿಸುತ್ತಿದ್ದಾನೆ. ಹಿಂದೆ ಕೂತವರೆಲ್ಲ ಬೆರಳು ಮಡಚುತ್ತಿದ್ದಾರೆ. ಕಿಟಕಿಯಾಚೆ ಒಂದು ಎತ್ತು ನಿಂತು ನೋಡುತ್ತಿದೆ. ಕೆಳಗಿನ ಮಾತು ಹರಿದು ಹೋಗಿದೆ, ಸಹಿ ಇಲ್ಲ. ಚಿತ್ರ ತುಂಬ ಇಷ್ಟವಾಯಿತು. ನಗು ಎಲ್ಲಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ರದ್ದಿ ರಾಯ
ನಯಾಪೈಸೆ! 1957ರ ಏಪ್ರಿಲ್ 1ಕ್ಕೆ ಹೊಸ ನಾಣ್ಯ ಬಂತು. ಅಲ್ಲಿವರೆಗೆ ರೂಪಾಯಿಗೆ 16 ಆಣೆ. ಅಲ್ಲಿಂದ ರೂಪಾಯಿಗೆ 100 ನಯಾಪೈಸೆ. ಒಂದು ಆಣೆಗೆ ಆರೂಕಾಲು ನಯಾಪೈಸೆ ಬೀಳುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಹಳೆ ನಾಣ್ಯ, ಹೊಸ ನಾಣ್ಯ ಎರಡೂ ಓಡುತ್ತಿದ್ದವು. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆ ಜಗಳ. ಆ ಅಜ್ಜ ಎಣಿಸುತ್ತಿರುವುದು ಅದನ್ನೇ. ಚೀಟಿ ತಿರುಗಿಸಿ ನೋಡಿ, ಬೆನ್ನಿಗೆ ಏನಿದೆ?

ಟ್ರಂಕಿನ ಮೊಮ್ಮಗಳು
ಮೈ ಜುಮ್ಮೆಂದಿತು! ಬೆನ್ನಿಗೆ ಅರ್ಧ ಜಾಹೀರಾತು. ತಲೆಗೂದಲ ಎಣ್ಣೆ ಇರಬೇಕು. "ಸೀಸೆ ಒಂದಕ್ಕೆ ರೂ. 1-4-0" ಅಂತ ಇದೆ. ಅದರ ಕೆಳಗೆ "ಮೈಸೂರು ಸರ್ಕಾರ" ಅಂತ ಟೆಂಡರ್ ನೋಟಿಸಿನ ತಲೆಬರಹ.

ರದ್ದಿ ರಾಯ
ನೋಡಿ, ಒಂದು ರೂಪಾಯಿ ನಾಲ್ಕಾಣೆ, ಬೆಲೆ ಇನ್ನೂ ಆಣೆಯಲ್ಲೇ ಇದೆ. ಮುಂದೆ ಚಿತ್ರ ಹೊಸ ನಾಣ್ಯದ್ದು. ಅಂದರೆ ಬದಲಾವಣೆಯ ಆ ದಿನಗಳೇ.

ಉಳಿದವರಿಗೂ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಬೆನ್ನಿನಲ್ಲಿ "ಮೈಸೂರು ಸರ್ಕಾರ" ಇದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, ಕರ್ನಾಟಕ ಅಂತ ಹೆಸರಾದದ್ದು ಅವತ್ತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ನಯಾ" ಅನ್ನುವ ಮಾತು 1964ರಲ್ಲಿ ಬಿದ್ದುಹೋಯಿತು. ನಾನು ಎಷ್ಟೋ ತುಂಡುಗಳ ಕಾಲ ಹಿಡಿದದ್ದು ಸುಮ್ನೆ ಬೆನ್ನು ನೋಡಿಯೇ.

ಪಿಕ್ಸೆಲ್ ಪುಟ್ಟ
ಅಂಟಿಸಿದ ಜಾಗದ ಲೆಕ್ಕಕ್ಕೆ ತಾರೀಖು ಇರುತ್ತದಲ್ಲ, ಅದನ್ನೇ ನೋಡಿದರೆ ಆಯಿತು.

ಲೈಬ್ರರಿ ಅಕ್ಕ
ಲೆಕ್ಕ ಮೊದಲು, ಅಂಟಿಸಿದ್ದು ಆಮೇಲೆ. ಬೇಡವಾದ ಪುಸ್ತಕವನ್ನು ಇದಕ್ಕೆ ಬಳಸಿದ್ದಾರೆ. ಕಾರ್ಟೂನು ಅದಕ್ಕಿಂತ ಈಚಿನದು ಅಂತ ಗೊತ್ತಾಗುತ್ತದೆ, ಎಷ್ಟು ಈಚಿನದು ಅಂತ ಗೊತ್ತಾಗುವುದಿಲ್ಲ.

ನೀಲಿ ಶಾಲು
ಒಂದು ಗಂಭೀರ ವಿಷಯ. ಹಳೆಯದೆಲ್ಲ ಚೆನ್ನ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಆ ಕಾಲದ ಕಾರ್ಟೂನುಗಳಲ್ಲಿ ದಲಿತರನ್ನು, ಹೆಂಗಸರನ್ನು ಹೇಗೆ ಬರೆದಿದ್ದಾರೆ ನೋಡಿದ್ದೀರಾ? 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಬರೆದ ಚಿತ್ರ ಇದೆ. ಸಂವಿಧಾನ ಅನ್ನುವ ಬಸವನಹುಳದ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಅದು ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿ ಪುಸ್ತಕದಲ್ಲಿ ಇತ್ತು. 2012ರಲ್ಲಿ ಸಂಸತ್ತಿನಲ್ಲೇ ಗಲಾಟೆ ಆಯಿತು. ಮಕ್ಕಳ ಮುಂದೆ ಅದನ್ನು ಬರೀ ತಮಾಷೆ ಅಂತ ಇಟ್ಟರೆ ನಮಗೆ ನೋವಾಗುತ್ತದೆ.

ಚಿಕ್ಕಪೇಟೆ ಸೀನ
ಹಾಗಾದರೆ ಅಂಥವನ್ನು ಸುಟ್ಟುಹಾಕಬೇಕಾ?

ನೀಲಿ ಶಾಲು
ಹಾಗೆ ನಾನು ಹೇಳಲೇ ಇಲ್ಲ. ಒಂದೂ ಬಿಡದೆ ಇಡಬೇಕು ಅನ್ನುವುದೇ ನನ್ನ ಮಾತು. ಅವತ್ತು ಪೇಪರಿನವರು ಬಾಬಾಸಾಹೇಬರನ್ನು ಹೇಗೆ ಕಂಡರು ಅನ್ನುವುದಕ್ಕೆ ಅವೇ ಸಾಕ್ಷಿ. ಸಾಕ್ಷಿ ಉಳಿಯಲಿ. ಜೊತೆಗೆ ಯಾವ ಪತ್ರಿಕೆ, ಯಾವ ದಿನ, ಏನು ಸಂದರ್ಭ ಅಂತ ಬರೆದಿರಲಿ. ಮೊಮ್ಮಗಳು ಅವರೇ, ಸ್ಕ್ಯಾನ್ ಮಾಡುವಾಗ ಬೇಜಾರಾಗುವ ಚಿತ್ರ ಸಿಕ್ಕರೆ ದಯವಿಟ್ಟು ಬಿಟ್ಟುಬಿಡಬೇಡಿ.

ಟ್ರಂಕಿನ ಮೊಮ್ಮಗಳು
ಬಿಡುವುದಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಒಂದೆರಡು ಅಂಥವು ಕಣ್ಣಿಗೆ ಬಿದ್ದಿದ್ದವು.

ಲೈಬ್ರರಿ ಅಕ್ಕ
ಹೆಂಗಸರ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಬೆಂಗಳೂರಲ್ಲೇ ಮಾಯಾ ಕಾಮತ್ ಇದ್ದರು. ರಾಜಕೀಯ ಕಾರ್ಟೂನು ಬರೆದ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬರು. 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಮುಂಬಯಿಯ ಸ್ಪ್ಯಾರೋ ಅನ್ನುವ ಮಹಿಳಾ ದಾಖಲೆಗಳ ಸಂಗ್ರಹದಲ್ಲಿ ಭದ್ರವಾಗಿವೆ. ಜಾಗ ಕೊಡುವವರು ಇದ್ದರೆ ಉಳಿಯುತ್ತವೆ.

ಕೋರ್ಟು ಕಚೇರಿ
ಇಂಟರ್ನೆಟ್ಟಿಗೆ ಹಾಕುವ ಮೊದಲು ಕಾಪಿರೈಟ್ ಯೋಚಿಸಿ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಲಕ್ಷ್ಮಣ್ ತೀರಿಕೊಂಡದ್ದು 2015ರಲ್ಲಿ. ಅಂದರೆ ಅವರ ಚಿತ್ರಗಳು 2075 ಮುಗಿಯುವವರೆಗೆ ಅನುಮತಿ ಇಲ್ಲದೆ ಹೊರಗೆ ಹಾಕುವ ಹಾಗಿಲ್ಲ. ಬರೆದವರು ಯಾರು ಅಂತ ತಿಳಿಯದ ಚಿತ್ರಕ್ಕೆ ಪ್ರಕಟವಾದಲ್ಲಿಂದ 60 ವರ್ಷ.

ಪಿಕ್ಸೆಲ್ ಪುಟ್ಟ
ಪತ್ರಿಕೆಯಲ್ಲಿ ಸಂಬಳಕ್ಕಿದ್ದವರು ಬರೆದದ್ದು ಪತ್ರಿಕೆಯದ್ದೇ ಅಲ್ವಾ? ಪತ್ರಿಕೆಯವರನ್ನು ಕೇಳಿದರೆ ಸಾಕು.

ಕೋರ್ಟು ಕಚೇರಿ
ಪೂರ್ತಿ ಹಾಗಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯಲ್ಲಿ ಅಚ್ಚು ಹಾಕುವ ಮಟ್ಟಿಗೆ ಹಕ್ಕು ಮಾಲೀಕರದು. ಉಳಿದದ್ದು ಬರೆದವರದು. ಅವರು ತೀರಿಕೊಂಡಿದ್ದರೆ ಮನೆಯವರದು. ನಿಮ್ಮ ನಯಾಪೈಸೆ ಚಿತ್ರ 1957ರದ್ದೇ ಆಗಿ, ಬರೆದವರು ಯಾರೆಂದು ಎಲ್ಲೂ ತಿಳಿದಿಲ್ಲದಿದ್ದರೆ 2017ರ ಕೊನೆಗೇ ಅವಧಿ ಮುಗಿದಿದೆ. ಸ್ಕ್ಯಾನ್ ಮಾಡಿ ಮನೆಯಲ್ಲಿ ಇಟ್ಟುಕೊಳ್ಳಲು ಹೆದರಬೇಡಿ. ಹೊರಗೆ ಹಾಕುವಾಗ ಒಂದೊಂದನ್ನೂ ನೋಡಿ ಹಾಕಿ.

ಕೊಲಂಬಸ್ ಕನ್ನಡಿಗ
ಸ್ಕ್ಯಾನ್ ಮಾಡುವ ಕ್ರಮ ಯಾರೂ ಹೇಳಲಿಲ್ಲ. ಲೆಕ್ಕದ ಪುಸ್ತಕವನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಮೇಲಿನಿಂದ ಕ್ಯಾಮೆರಾ, ಎರಡು ಕಡೆ ಓರೆಯಾಗಿ ದೀಪ. ಬಿಡಿ ಚೀಟಿಗಳನ್ನು ಮಾತ್ರ ಸ್ಕ್ಯಾನರ್‌ನಲ್ಲಿಡಿ, 600 ಡಿಪಿಐ, ಟಿಫ್ ಫೈಲು. ಹಿಂದೆ ಕಪ್ಪು ಹಾಳೆ ಇಟ್ಟರೆ ಬೆನ್ನಿನ ಅಕ್ಷರ ಮುಂದಕ್ಕೆ ಕಾಣುವುದಿಲ್ಲ. ಫೈಲಿಗೆ ಪುಸ್ತಕದ ನಂಬರು, ಪುಟದ ನಂಬರು ಹಾಕಿ. ಇದು ಮರೆತರೆ ಆಮೇಲೆ ನೂರಾರು ಫೈಲಿನಲ್ಲಿ ತಲೆ ಕೆಡುತ್ತದೆ.

ಬೆಂಗಳೂರಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನುವ ಯೋಜನೆಯವರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಾರೆ, ಅವರನ್ನು ಕೇಳಿ. ಟ್ರಿನಿಟಿ ಸರ್ಕಲ್ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಅಲ್ಲಿಯೂ ವಿಚಾರಿಸಿ.

ಮಲೆನಾಡ ಮಳೆ
ಬೇಸ್‌ಮೆಂಟಿನಲ್ಲಿ ಮಾತ್ರ ಇಡಬೇಡಿ. 2022ರ ಮಳೆಗೆ ನಮ್ಮ ಅಕ್ಕನ ಬೆಂಗಳೂರು ಮನೆಗೆ ನೀರು ನುಗ್ಗಿ ಹಳೆ ವಾರಪತ್ರಿಕೆಗಳೆಲ್ಲ ಮುದ್ದೆಯಾದವು. ಒದ್ದೆಯಾದವನ್ನು ಬೇಗ ಫ್ರೀಜರ್‌ನಲ್ಲಿಟ್ಟರೆ ಬೂಷ್ಟು ಹಿಡಿಯುವುದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಒಣಗಿಸಬಹುದು ಅಂತ ನನಗೆ ತಿಳಿದದ್ದು ತಿಂಗಳಾದ ಮೇಲೆ.

ಟ್ರಂಕಿನ ಮೊಮ್ಮಗಳು
ಎಲ್ಲರೂ ಇದ್ದೀರಾ? ಈಗ ಸಿಕ್ಕಿದ್ದನ್ನು ಹೇಳಲೇಬೇಕು.

ಆ ಬಸ್ಸಿನ ಚೀಟಿ ವಾಪಸ್ ಅದರ ಜಾಗದಲ್ಲಿಡೋಣ ಅಂತ ನಾಲ್ಕನೇ ಪುಸ್ತಕ ತೆಗೆದೆ. ಚೀಟಿ ಇದ್ದ ಕಡೆ ಕಾಗದ ಬೆಳ್ಳಗೆ ಉಳಿದಿದೆ. ಅದರ ಮೂಲೆಗೆ, ಲೆಕ್ಕದ ಗೆರೆಯ ಮೇಲೆ, ಪೆನ್ಸಿಲಿನಲ್ಲಿ ಸಣ್ಣಗೆ "11/4" ಅಂತ ಇದೆ. ಪಕ್ಕದ ಚಿತ್ರಕ್ಕೆ "12/4". ಅದರ ಕೆಳಗಿನದಕ್ಕೆ "14/4". ಇಷ್ಟು ದಿನ ಇವನ್ನು ನೋಡುತ್ತಲೇ ಇದ್ದೆ, ಹಳೆ ಲೆಕ್ಕದ ಭಾಗ, ಕಾಲು ಮುಕ್ಕಾಲು ಇರಬೇಕು ಅಂದುಕೊಂಡಿದ್ದೆ. ರಾಯರು ಏಪ್ರಿಲ್ 1 ಅಂದದ್ದು ನೆನಪಾಗಿ ಹೊಳೆಯಿತು. ಅದು ತಾರೀಖು! ಪುಸ್ತಕದ ಮೊದಲ ಹಾಳೆ ತೆಗೆದು ಬೆಳಕಿಗೆ ಓರೆ ಹಿಡಿದರೆ ಅದೇ ಪೆನ್ಸಿಲಿನಲ್ಲಿ "57" ಅಂತ ಇದೆ. ಹನ್ನೊಂದು ಪುಸ್ತಕಗಳಲ್ಲೂ ಹೀಗೇ ಇಸವಿ ಇದೆ. ಒಂದೊಂದು ಚಿತ್ರಕ್ಕೂ ತಾತ ತಾರೀಖು ಹಾಕಿದ್ದಾರೆ.

ಬೈಂಡಿಂಗ್ ಭಟ್ರು
ಬಿಡಿಸಿದ್ದರೆ ಅದೆಲ್ಲ ಆ ಲೆಕ್ಕದ ಹಾಳೆಯಲ್ಲೇ ಉಳಿದು ರದ್ದಿಗೆ ಹೋಗುತ್ತಿತ್ತು ಮಗಳೇ.

ರದ್ದಿ ರಾಯ
ತಾತನ ಮೇಲಿನ ತಕರಾರು ವಾಪಸ್ ತೆಗೆದುಕೊಂಡೆ. ಕ್ಷಮೆ ಇರಲಿ. ಯಾವ ಪತ್ರಿಕೆ ಅಂತ ಏನಾದರೂ ಗುರುತು ಇದೆಯಾ?

ಟ್ರಂಕಿನ ಮೊಮ್ಮಗಳು
ಕೆಲವಕ್ಕೆ ತಾರೀಖಿನ ಮುಂದೆ "ಪ್ರ", ಕೆಲವಕ್ಕೆ "ಡೆ". ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಇರಬಹುದಾ? ಬಸ್ಸಿನದಕ್ಕೆ ಏನೂ ಇಲ್ಲ.

ರದ್ದಿ ರಾಯ
ಇರಬಹುದು, ಎರಡೂ 1948ರಿಂದ ಬರುತ್ತಿವೆ. 1957ರ ಏಪ್ರಿಲ್ 11, ಅದರ ಹಿಂದುಮುಂದಿನ ಎರಡು ದಿನ. ಇಷ್ಟು ಗೊತ್ತಾದರೆ ಹಳೆ ಸಂಪುಟದಲ್ಲಿ ಹುಡುಕಬಹುದು. ಕಂಡಕ್ಟರ್ ಏನು ಹೇಳಿದ ಅಂತ ನನಗೂ ತಿಳಿಯಬೇಕು.

ಪಿಕ್ಸೆಲ್ ಪುಟ್ಟ
ನಾನು ಮೈಸೂರಿನವನೇ, ಕುವೆಂಪುನಗರ. ಕ್ಯಾಮೆರಾ, ಸ್ಟ್ಯಾಂಡು, ಎರಡು ದೀಪ ನನ್ನ ಹತ್ತಿರ ಇವೆ. ಮನೆ ಖಾಲಿ ಮಾಡುವ ಮೊದಲು ಬರಲಾ?

ಟ್ರಂಕಿನ ಮೊಮ್ಮಗಳು
ಖಂಡಿತ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅಮ್ಮ ತಿಂಡಿಗೆ ಅಲ್ಲೇ ಉಪ್ಪಿಟ್ಟು ಮಾಡುತ್ತಾರಂತೆ. ರದ್ದಿಯವನಿಗೆ ಬರಬೇಡ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದರು.

ಲೈಬ್ರರಿ ಅಕ್ಕ
ಪುಟ್ಟ, ಪೆನ್ಸಿಲ್ ಗುರುತು ಸರಿಯಾಗಿ ಬೀಳುವ ಹಾಗೆ ಒಂದು ದೀಪ ಸ್ವಲ್ಪ ತಗ್ಗಿಸಿಕೋ. ಬಿಡಿ ಚೀಟಿಯ ಬೆನ್ನನ್ನೂ ತೆಗಿ.